ಗುಡಿಯಲ್ಲಿಟ್ಟ ಸಾಕ್ಷಿ

ದೊಡ್ಡಉಳ್ಳಾರ್ತಿಯ ಯರ್ರಪ್ಪ ಕಾವಲಿನಲ್ಲಿ ದನಕ್ಕೆ ಕೂಗು ಹಾಕಿದರೆ ಚಳ್ಳಕೆರೆ ಪೇಟೆಯಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಅಂಥ ಗಂಟಲಿನವನು, ಸಾವಿರದ ಒಂಬೈನೂರ ಹನ್ನೆರಡರ ಸುಮಾರಿಗೆ, ಅಲ್ಲಿನ ತಾಲ್ಲೂಕು ಕಚೇರಿಯ ಗುಮಾಸ್ತರ ಮುಂದೆ ಪಿಸುಗುಟ್ಟುತ್ತಾ ನಿಂತಿದ್ದ.

"ನಮ್ಮನೆಯಾಕೆ ಜೋಗಮ್ಮನ ಕಾಲು ಬಾತೈತೆ ಸ್ವಾಮಿ. ಈ ಪೇಟೆ ಬೊಮ್ಮಲಿಂಗಪ್ಪನ ಅಂಗಡಿ ಎಣ್ಣೆ ತಂದ ಏಳು ಮನೇಲೂ ಹಿಂಗೇ. ಇಬ್ಬರು ಹೋದರು. ಕುಸುಬೆ ಎಣ್ಣೆಗೆ ಹಳದಿ ಹೂವಿನ ಮುಳ್ಳು ದತ್ತೂರಿ ಬೀಜದ ಎಣ್ಣೆ ಸೇರ್ಸ್ಯಾನೆ."

ಜೋಗಮ್ಮನ ಕಾಲಿಗೆ ಬೆರಳೊತ್ತಿದರೆ ಬೀಳುವ ಗುಂಡಿಯಲ್ಲಿ ಒಂದು ಸೇರು ರಾಗಿ ಬಿತ್ತಬಹುದಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿಯೇ ಹಗಲು ರಾತ್ರಿ ಕಳೆಯುತ್ತಿದ್ದಳು.

"ಕಲಬೆರಕೆ ಮಾರಿದೋನಿಗೆ ಕಾಯಿದೇಲಿ ಶಿಕ್ಷೆ ಐತಪ್ಪ," ಎಂದರು ಗುಮಾಸ್ತರು. "ಸೋಮವಾರ ಆ ಎಣ್ಣೆ ತಾ. ಅರಗಿನ ಮುದ್ರೆ ಹಾಕಿ ಬೆಂಗಳೂರಿಗೆ ಪರೀಕ್ಷೆಗೆ ಕಳಿಸ್ತೀವಿ."

ಉಳಿದ ಆರು ಮನೆಯವರು ಹೆದರಿ ಎಣ್ಣೆಯನ್ನು ತಿಪ್ಪೆಗೆ ಸುರಿದಾಗಿತ್ತು. ಯರ್ರಪ್ಪನ ಮನೆಯಲ್ಲಷ್ಟೇ ಅರ್ಧ ಕುಡಿಕೆ ಉಳಿದಿತ್ತು. ಅಂಗಡಿಯ ಆಳುಗಳು ಬಂದು ಒಡೆದಾರೆಂದು ಅದನ್ನು ಒಯ್ದು ಮಾರಮ್ಮನ ಗುಡಿಯ ಹೊಸ್ತಿಲಲ್ಲಿಟ್ಟ. ಅಮ್ಮನ ಮುಂದಿಟ್ಟಿದ್ದನ್ನು ಮುಟ್ಟುವವನು ಹದಿನಾಲ್ಕು ಲೋಕದಲ್ಲೂ ಹುಟ್ಟಿಲ್ಲವೆಂಬ ಧೈರ್ಯ.

ಹುಟ್ಟಿದವನೊಬ್ಬನಿದ್ದ, ಪೂಜಾರಿ ಪೆದ್ದಣ್ಣ. ಹೊಸ್ತಿಲಿಗೆ ಬಂದ ಎಣ್ಣೆಯೆಲ್ಲ ದೀಪಕ್ಕೆ ಹೋಗಬೇಕೆಂಬುದು ಆ ಗುಡಿಯ ನಡಾವಳಿ. ಸೋಮವಾರ ಬೆಳಗ್ಗೆ ಕುಡಿಕೆ ಬರಿದಾಗಿತ್ತು.

"ಎಣ್ಣೆ ಎಲ್ಲಿ ಪೆದ್ದಣ್ಣ?"

"ಉರಿದು ಹೋತು. ಹೆಂಡ್ತಿಗೆ ವಾಸಿಯಾಗ್ಲಿ ಅಂತ ಹರಕೆ ತಂದಿದೀಯ ಅಂದ್ಕೊಂಡೆ ಕಣಲೇ."

"ಅದು ಕಚೇರಿಗೆ ಒಯ್ಯೋ ಸಾಕ್ಷಿ."

"ಸಾಕ್ಷೀನ ದೀಪದ ಪಕ್ಕ ಇಡ್ತಾರೇನಲೇ? ನನಗೊಂದು ಮಾತು ಹೇಳಬಾರದಾ?"

ಯರ್ರಪ್ಪ ಬರಿ ಕುಡಿಕೆಯನ್ನೇ ಹೊತ್ತು ಚಳ್ಳಕೆರೆಗೆ ನಡೆದ. ಗುಮಾಸ್ತರು ಅದನ್ನು ಮೂಸಿ ಕೆಳಗಿಟ್ಟರು.

"ಜಿಡ್ಡಿನ ಮೇಲೆ ಮೊಕದ್ದಮೆ ನಿಲ್ಲಲ್ಲಪ್ಪ. ಅಂಗಡೀಲೇ ಒಂದು ಪಾವು ಕೊಂಡು ತಾ."

ಅಂಗಡಿಯಲ್ಲಿ ಹೊಸ ಎಣ್ಣೆ ಬಂದು ಕೂತಿತ್ತು. ಅದೆಷ್ಟು ತಿಳಿಯೆಂದರೆ ಇಣುಕಿದವನಿಗೆ ತನ್ನ ಮುತ್ತಜ್ಜನ ಮುಖವೂ ಕಾಣಬೇಕು.

"ಹಳೇದು ಎಲ್ಲೈತೆ?" ಎಂದು ಕೇಳಿದ ಯರ್ರಪ್ಪ.

"ಬೆಳಗ್ಗೇನೇ ಗಾಡಿಗೇರಿಸಿ ಮೊಳಕಾಲ್ಮೂರು ಕಡೆ ಕಳಿಸಿದೆ," ಎಂದ ಬೊಮ್ಮಲಿಂಗಪ್ಪ, ಅಳತೆಯ ಪಾವನ್ನು ಒರೆಸುತ್ತಾ. "ನಿಮ್ಮೂರೋರು ಬ್ಯಾಡ ಅಂದ್ರಲ್ಲ. ಆ ಕಡೆಯೋರಿಗೆ ಇಷ್ಟು ನಾಜೂಕಿಲ್ಲ."

ಯರ್ರಪ್ಪ ಹೊರಗೆ ಬಂದು ಮೊಳಕಾಲ್ಮೂರಿನ ದಾರಿಯಲ್ಲಿ ಒಂದು ಹರದಾರಿ ಓಡಿದ. ಗಾಡಿಯ ಧೂಳು ಕೂಡ ಕಾಣಲಿಲ್ಲ. ಮನೆಯಲ್ಲಿ ಜೋಗಮ್ಮ ಒಬ್ಬಳೇ ಇದ್ದಳು. ಹಿಂದಕ್ಕೆ ತಿರುಗಿದ.

ಊರು ಮುಟ್ಟಿದಾಗ ಅವನ ಮನೆಯ ಮುಂದೆ ಹೆಂಗಸರು ನಿಂತಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಒಳಗೆ ಜೋಗಮ್ಮನನ್ನು ಗೋಡೆಯಿಂದ ಬಿಡಿಸಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿಸಿದ್ದರು.