ಪೊಯ್ ಕಲಿಸಿದ ಪಾತ್ರಾಂವ್

ಅವರ ಮುಂಗೈಗಳ ಮೇಲೆ ಒಂದೂ ಕೂದಲಿರಲಿಲ್ಲ. ಐವತ್ತು ವರ್ಷ ಒಲೆಯ ಬಾಯಿಗೆ ಕೈ ಚಾಚಿ ಚಾಚಿ ಎಲ್ಲ ಸುಟ್ಟುಹೋಗಿ, ಚರ್ಮ ತಾಮ್ರದ ಕೊಡದ ಹಾಗೆ ನುಣುಪಾಗಿತ್ತು. ಮಡಗಾಂವದಿಂದ ಒಳಗೆ, ಗದ್ದೆಗಳ ನಡುವಿನ ಸಣ್ಣ ಊರಿನಲ್ಲಿ ಅವರ ಬೇಕರಿ. ಸಿಂದಗಿ ಕಡೆಯಿಂದ ಕೆಲಸ ಹುಡುಕಿ ಬಂದ ನಾನು ಅಲ್ಲಿ ಹದಿನಾಲ್ಕು ವರ್ಷ ದುಡಿದೆ. ಎಲ್ಲರಂತೆ ನಾನೂ ಅವರನ್ನು ಪಾತ್ರಾಂವ್, ಅಂದರೆ ಯಜಮಾನರು, ಎಂದೇ ಕರೆಯುತ್ತಿದ್ದೆ.

ಮೊದಲ ವರ್ಷ ಕಟ್ಟಿಗೆ ಹೊತ್ತೆ. ಆಮೇಲೆ ಅವರೇ ನನ್ನನ್ನು ಹಿಟ್ಟಿನ ಮುಂದೆ ನಿಲ್ಲಿಸಿ ಪೊಯ್, ಅಂದರೆ ಹೊಟ್ಟು ಬೆರೆತ ದುಂಡನೆಯ ಬ್ರೆಡ್ಡು, ಮಾಡುವುದನ್ನು ಕಲಿಸಿದರು. ಒಲೆಗೆ ಒಂದು ಹಿಡಿ ಹೊಟ್ಟು ಎಸೆದು, ಅದು ಕಪ್ಪಾಗುವ ಬಗೆ ನೋಡಿ ಕಾವು ಅಳೆಯುತ್ತಿದ್ದರು. ಪೋರ್ತುಗೀಸ್ ಪಾದ್ರಿಗಳ ಕಾಲ, ತೆಂಗಿನ ಸೇಂದಿ ಹಾಕಿ ಹಿಟ್ಟು ಹುದುಗಿಸುತ್ತಿದ್ದ ಅವರ ಅಜ್ಜ, ಎಲ್ಲ ನಾದುತ್ತಲೇ ಕಿವಿಗೆ ಬಿದ್ದ ಕಥೆಗಳು. ಅವರ ಕನ್ನಡ ನಮ್ಮ ಕಡೆಯ ಕೆಲಸಗಾರರಿಂದಲೇ ಕಲಿತದ್ದು. "ಅವಸರ ಮಾಡಬ್ಯಾಡೋ, ಹಿಟ್ಟು ಉಸಿರಾಡ್ಲಿ" ಅನ್ನುತ್ತಿದ್ದರು.

ನನ್ನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಬೇಕರಿ ಮುಚ್ಚಿ, ತಮ್ಮ ವ್ಯಾನಿನಲ್ಲೇ ಆಸ್ಪತ್ರೆಗೆ ಒಯ್ದರು. ಮಗು ಅಳುವ ಸದ್ದು ಕೇಳುವವರೆಗೂ ಜಪಮಾಲೆ ಹಿಡಿದು ಹೊರಗೆ ಕೂತಿದ್ದರು. ಇಂಥವರ ಮೇಲೆ ಅನುಮಾನ ಪಡುವುದು ಹೇಗೆ?

ನಾನು ಅಲ್ಲಿದ್ದ ಕೊನೆಯ ಆರು ವರ್ಷ ಅವರ ಭುಜ ಮೇಲೇಳದಾಯಿತು. ಆಗಿನಿಂದ ಒಂದೊಂದು ಪೊಯ್ಯೂ ನನ್ನ ಕೈಯದು. ಅದೇ ಹೊತ್ತಿಗೆ ಊರಿನ ಹಳೆಯ ಮನೆ, ಚರ್ಚು, ತಿಂಡಿಗಳನ್ನು ತೋರಿಸುವ ಪ್ರವಾಸಗಳು ಶುರುವಾದವು. ಒಂದು ಮಧ್ಯಾಹ್ನ ಬಂದ ಗುಂಪಿಗೆ ಪಾತ್ರಾಂವ್ ಹಿಂದಿಯಲ್ಲಿ ಹೇಳಿದರು: "ನಾಲ್ಕು ತಲೆಮಾರಿನಿಂದ ಈ ಹಿಟ್ಟನ್ನು ನಮ್ಮ ಮನೆತನದವರ ಹೊರತು ಯಾರೂ ಮುಟ್ಟಿಲ್ಲ."

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ನನ್ನನ್ನು ನೋಡಿ ಒಬ್ಬ ಹೆಂಗಸು ಕೇಳಿದಳು, "ಮತ್ತೆ ಇವರು?"

"ಇವನಾ? ಕಟ್ಟಿಗೆ ಹೊರುವವನು."

ನನ್ನ ಕೈಯಲ್ಲಿದ್ದ, ಒಲೆಗೆ ಪೊಯ್ ಹಾಕುವ ಉದ್ದ ಹಿಡಿಯ ಮರದ ಸಲಿಕೆ ಕಸಿದುಕೊಂಡು ಫೋಟೋಕ್ಕೆ ನಿಂತರು.

ಎಲ್ಲರೂ ಹೋದ ಮೇಲೆ ಕೇಳಿದೆ. "ಪಾತ್ರಾಂವ್, ನಾ ಕಟ್ಟಿಗಿ ಹೊರಾಂವೇನ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಅವರು ನಮ್ಮೂರ ಕಥಿ ಕೇಳಾಕ ಬರ್ತಾರೋ. ಅದರಾಗ ನೀ ಹೆಂಗ ಬರ್ತಿ?"

ನನ್ನದೇ ಭಾಷೆಯಲ್ಲಿ ನನ್ನನ್ನು ಹೊರಗಿಟ್ಟರು. ಆ ತಿಂಗಳೇ ಬಿಟ್ಟು ಬಂದು ನಮ್ಮ ಕಡೆಯವರು ಹೆಚ್ಚಿರುವ ಮಂಗೋರ್ ಹಿಲ್ ಬಡಾವಣೆಯಲ್ಲಿ ಸಣ್ಣ ಒಲೆ ಹಾಕಿದೆ. ಅವರು ಒಮ್ಮೆಯೂ ಬರಲಿಲ್ಲ, ನಾನೂ ಹೋಗಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಮಾತ್ರ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು. "ಕೊನೆಗೆ ಏನೂ ತಿನ್ನುತ್ತಿರಲಿಲ್ಲ. ನೀನು ಮಾಡಿದ ಪೊಯ್ ಬೇಕು ಅಂತಿದ್ದರು."

"ಯಾರ ಮುಂದ ಅಂದ್ರು, ಬಾಯಿ?"

ಅವರು ನನ್ನ ಕೈ ಬಿಟ್ಟು ಅಂದರು, "ನನ್ನ ಮುಂದಷ್ಟೇ."

ಈಗ ನನ್ನ ಒಲೆಯ ಮುಂದೆ ಗಿರಾಕಿಗಳು ಯಾರ ಹತ್ತಿರ ಕಲಿತಿರಿ ಎಂದು ಕೇಳುತ್ತಾರೆ. ಸಿಟ್ಟು ಬರುತ್ತದೆ. ಆದರೂ ಎಲ್ಲರಿಗೂ ಕೇಳುವಂತೆ ಅವರ ಹೆಸರು ಹೇಳುತ್ತೇನೆ.