ಭುಜದ ನೋವೆಂದು ಬಂದವರು

ಅವರು ಮೊದಲ ಸಲ ನನ್ನಲ್ಲಿಗೆ ಬಂದಾಗ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು. ಹಿಂದೆ ಅವರ ಹೆಂಡತಿ, ಕೈಚೀಲದಲ್ಲಿ ಡಾಕ್ಟರ ಚೀಟಿ. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ನಾನು ಹನ್ನೊಂದು ವರ್ಷಗಳಿಂದ ಫಿಜಿಯೋಥೆರಪಿ ಮಾಡುತ್ತಿದ್ದೇನೆ. ಈ ಊರಲ್ಲಿ ಕೈಕಾಲು, ಸೊಂಟ, ಹೆಗಲಿನ ನೋವಿಗೆ ಬರಗಾಲವಿಲ್ಲ. ಅರ್ಧ ಜನ ಕಲ್ಲು ಹೊರುತ್ತಾರೆ, ಉಳಿದವರು ಸಿಮೆಂಟು.

ಅವರದು ವಾಡಿಯಿಂದ ಆಚೆಗಿನ ಹಳ್ಳಿ. ವಯಸ್ಸು ಐವತ್ತರ ಆಸುಪಾಸು. ಗಣಿಯಿಂದ ಎಬ್ಬಿಸಿದ, ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಪಾಲಿಶ್ ಮಷಿನ್ನಿಗೆ ಏರಿಸುವುದು, ಇಳಿಸುವುದು, ಲಾರಿಗೆ ತುಂಬುವುದು ಅವರ ಕೆಲಸ. ಹೆಂಡತಿಯದು ಅದೇ ಶೆಡ್ಡಿನಲ್ಲಿ ಕಲ್ಲು ತೊಳೆಯುವ ಕೆಲಸ. ಇಬ್ಬರ ಚಪ್ಪಲಿಯ ಅಂಚಿನಲ್ಲೂ ಬೂದುಬಣ್ಣದ ಕೆಸರು ಒಣಗಿ ಹತ್ತಿತ್ತು.

“ಎಷ್ಟು ದಿನ ಆಗ್ಯದ್ರಿ ಅಣ್ಣಾರ?” ಎಂದು ಕೇಳಿದೆ.

“ಎರಡು ತಿಂಗಳಾಗ್ಯದ್ರಿ ಮೇಡಂ. ಮೊದಲ ಹೆಗಲಾಗ ಇತ್ತು. ಈಗ ಮೊಳಕೈತನಾ ಇಳದದ. ಮಲಗಿದ್ರೂ ಬಿಡಂಗಿಲ್ಲ.”

ಡಾಕ್ಟರ ಚೀಟಿಯಲ್ಲಿ ಭುಜ ಬಿಗಿತ ಎಂದಿತ್ತು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಸಕ್ಕರೆ ಇದ್ದವರ ಭುಜ ಬಿಗಿಯುವುದನ್ನು ನಾನು ನೂರಾರು ಸಲ ನೋಡಿದ್ದೆ. ಕೈ ಎತ್ತಿಸಿದೆ, ಹಿಂದಕ್ಕೆ ತಿರುಗಿಸಿದೆ. ಅವರು ಹಲ್ಲು ಕಚ್ಚಿದರು. ಹೊರಗೆ ಏಳು ಮಂದಿ ಕುಳಿತಿದ್ದರು. ಹತ್ತು ನಿಮಿಷದಲ್ಲಿ ನನ್ನ ತೀರ್ಮಾನ ಆಗಿಹೋಯಿತು. ಅವರು ಅಂಗಿ ಬಿಚ್ಚಿರಲಿಲ್ಲ. ಬಿಚ್ಚಿ ಎಂದು ನಾನು ಹೇಳಿರಲಿಲ್ಲ.

“ವಾರಕ್ಕ ಮೂರು ಸಲ ಬರಬೇಕಾಗ್ತದ ನೋಡ್ರಿ,” ಎಂದೆ.

ಹೆಂಡತಿ ಗಂಡನ ಮುಖ ನೋಡಿದರು. “ಅಷ್ಟು ಸಲ ಆಗಂಗಿಲ್ರಿ ಮೇಡಂ. ಬಸ್ಸು ಹಿಡದು ವಾಡಿಗಿ ಬಂದು, ಅಲ್ಲಿಂದ ಗಾಡಿ ಹಿಡೀಬೇಕು. ಇಬ್ಬರದೂ ಕೆಲ್ಸ ಹೋಗ್ತದ.”

ಇಂಥವರಿಗಾಗಿಯೇ ನಾನು ಫೋನಿನ ಒಂದು ಆ್ಯಪ್ ಬಳಸಲು ಶುರು ಮಾಡಿದ್ದೆ. ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ ಎಂದು ನಾನು ನನ್ನ ಫೋನಿನಲ್ಲಿ ತುಂಬಿದರೆ, ಅದು ವಿಡಿಯೋ ಆಗಿ ಅವರ ಫೋನಿಗೆ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತದೆ, ಹಿಂದಿಯಲ್ಲಿ ಎಣಿಸುತ್ತದೆ. ಮುಗಿದ ಮೇಲೆ ಹಸಿರು ಗುಂಡಿ ಒತ್ತಬೇಕು. ಕೊನೆಗೆ ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಚಿತ್ರಗಳು. ಎಷ್ಟು ನೋವೋ ಆ ಮುಖ ಮುಟ್ಟಬೇಕು. ಚಿಂಚೋಳಿಯ ಒಬ್ಬ ಶಿಕ್ಷಕಿ ಇದನ್ನೇ ನೋಡಿಕೊಂಡು ಎರಡು ತಿಂಗಳಲ್ಲಿ ಕರಿಹಲಗೆಯ ಮೇಲ್ತುದಿಗೆ ಬರೆಯುವಂತಾಗಿದ್ದರು. ಚಿತ್ತಾಪುರದ ದರ್ಜಿಯೊಬ್ಬರು ಮತ್ತೆ ಮಷಿನ್ನಿಗೆ ಕುಳಿತಿದ್ದರು. ನನಗೆ ಅದರ ಮೇಲೆ ಭರವಸೆ ಬಂದಿತ್ತು. ಹೆಮ್ಮೆಯೂ ಇತ್ತು ಎನ್ನಬೇಕು.

ದೊಡ್ಡ ಫೋನು ಇದ್ದದ್ದು ಹೆಂಡತಿಯ ಹತ್ತಿರ. ಆಕೆಗೆ ಓದು ಬರುತ್ತಿರಲಿಲ್ಲ, ಆದರೆ ಒಂದೇ ಸಲಕ್ಕೆ ಕಲಿತರು. ಬಗ್ಗಿ ನಿಂತು ಕೈಯನ್ನು ಜೋತುಬಿಟ್ಟು ತೂಗುವುದು, ಗೋಡೆಯ ಮೇಲೆ ಬೆರಳುಗಳಿಂದ ಹತ್ತುವುದು, ಕೋಲು ಹಿಡಿದು ಎರಡೂ ಕೈ ಮೇಲೆತ್ತುವುದು.

“ಒಂದಿನಾನೂ ತಪ್ಪಸಬ್ಯಾಡ್ರಿ ಅಕ್ಕಾ,” ಎಂದು ಆಕೆಗೆ ಹೇಳಿದೆ. “ಅವರು ತ್ರಾಸ ಅಂತಾರ, ಬ್ಯಾಡ ಅಂತಾರ. ಮೊದಮೊದಲ ಹಂಗೇ ಇರ್ತದ. ನೀವು ಬಿಡಬ್ಯಾಡ್ರಿ.”

ಆಕೆ ಬಿಡಲಿಲ್ಲ. ದಿನಕ್ಕೆ ಮೂರು ಸಲ, ತಪ್ಪದೆ ಹಸಿರು ಗುಂಡಿ. ಮೊದಲ ತಿಂಗಳ ಪಟ್ಟಿ ಪೂರ್ತಿ ಹಸಿರಾಗಿತ್ತು. ಓದಿದವರೇ ಇಷ್ಟು ಮಾಡುವುದಿಲ್ಲ ಎಂದು ವಾರಕ್ಕೊಮ್ಮೆ ಹೋಗಿ ಕೂರುವ ಸೇಡಂನಲ್ಲಿ ಬೇರೆ ರೋಗಿಗಳಿಗೆ ಅದನ್ನು ತೋರಿಸಿಯೂ ಇದ್ದೆ. ನೋವಿನ ಮುಖಗಳನ್ನು ನೋಡಲು ಇನ್ನೊಂದು ಪುಟಕ್ಕೆ ಹೋಗಬೇಕಿತ್ತು. ಹೋಗಲಿಲ್ಲವೆಂದಲ್ಲ, ಹೋಗಿದ್ದೆ. ಗೆರೆ ವಾರದಿಂದ ವಾರಕ್ಕೆ ಮೇಲೇರುತ್ತಿತ್ತು. ಕಲ್ಲು ಹೊರುವುದನ್ನು ನಿಲ್ಲಿಸಿಲ್ಲ, ಇನ್ನೇನಾಗುತ್ತದೆ ಎಂದುಕೊಂಡೆ. ಕೋಲಿನ ವ್ಯಾಯಾಮವನ್ನು ಹದಿನೈದರಿಂದ ಹತ್ತಕ್ಕೆ ಇಳಿಸಿದೆ.

ಎರಡನೆಯ ತಿಂಗಳಲ್ಲಿ ಆಕೆಯಿಂದ ಒಂದು ವಾಟ್ಸಾಪ್ ಧ್ವನಿ ಬಂತು. ನಾನು ಒಬ್ಬರ ಮಂಡಿಗೆ ಶಾಖ ಕೊಡುತ್ತ ಅದನ್ನು ಕೇಳಿಸಿಕೊಂಡೆ. “ಮೇಡಂ, ಇವರ ಬಲಗಣ್ಣು ಸಣ್ಣ ಆಗ್ಯದ್ರಿ. ರೆಪ್ಪಿ ಇಳಬಿದ್ದಂಗ ಕಾಣ್ತದ. ಕಿರಿಬೆರಳು ಜೋಮ್ ಹಿಡದದ ಅಂತಾರ. ಹಂಗೇ ಮಾಡಸ್ಲ್ಯೋ, ಬಿಡ್ಲ್ಯೋ?”

ಭುಜಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ನಾನು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಓದಿದ ಪುಸ್ತಕದಲ್ಲಿ ಅದು ಇತ್ತು. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ನಾನು ಫೋನಿಗೆ ಹೇಳಿದ್ದು ಇಷ್ಟು: “ನಿದ್ದಿ ಇಲ್ಲಲ್ಲಕ್ಕಾ, ಅದಕ್ಕ ಹಂಗ ಕಾಣ್ತದ. ವ್ಯಾಯಾಮ ಬಿಡಬ್ಯಾಡ್ರಿ.”

ಆ ಧ್ವನಿ ಇನ್ನೂ ನನ್ನ ಫೋನಿನಲ್ಲಿದೆ. ಅಳಿಸಿಲ್ಲ.

ಅವರು ಮತ್ತೆ ಬಂದದ್ದು ಅದಾದ ಒಂದು ತಿಂಗಳಿಗೆ, ನಾನು ಕರೆಯದೆಯೇ. ಬಾಗಿಲಲ್ಲಿ ನಿಂತವರನ್ನು ಮೊದಲು ಗುರುತಿಸಲಿಲ್ಲ. ಕೊರಳ ಪಟ್ಟಿಯೊಳಗೆ ಕತ್ತು ಸಣ್ಣದಾಗಿತ್ತು. ಕುಳ್ಳಿರಿಸಿ ಈ ಸಲ ಅಂಗಿ ಬಿಚ್ಚಿಸಿದೆ. ನಾನೇ ಕೈ ಹಿಡಿದು ಮೆಲ್ಲಗೆ ಎತ್ತಿದರೆ ಅದು ಸಲೀಸಾಗಿ ಮೇಲೆ ಹೋಯಿತು. ಬಿಗಿದ ಭುಜ ಹಾಗೆ ಹೋಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಕರಗಿ ಗುಣಿ ಬಿದ್ದಿತ್ತು. ಸೆಕೆಗೆ ಅವರ ಮುಖದ ಎಡಭಾಗವೆಲ್ಲ ಬೆವರಿತ್ತು, ಬಲಭಾಗ ಒಣಗಿತ್ತು. ರೆಪ್ಪೆ ಅರ್ಧ ಇಳಿದಿತ್ತು.

“ಕೆಮ್ಮು ಅದ ಏನ್ರಿ ಅಣ್ಣಾರ?”

“ಅದು ಮೊದಲಿಂದ ಅದಲ್ರಿ. ಧೂಳ್ದಾಗ ಕೆಲ್ಸ ಮಾಡವರಿಗಿ ಯಾರಿಗಿಲ್ಲ?”

ಬೀಡಿ ಸೇದುತ್ತೀರಾ ಎಂದು ಕೇಳಬೇಕಾಗಿರಲಿಲ್ಲ, ಬೆರಳುಗಳೇ ಹೇಳುತ್ತಿದ್ದವು. ಅವತ್ತೇ ಕಲಬುರಗಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ ಎಂದೆ. “ಹೆಗಲ ನೋವಿಗಿ ಎದಿ ಫೋಟೊ ಯಾಕ್ರಿ?” ಎಂದು ಹೆಂಡತಿ ಕೇಳಿದರು. ಒಮ್ಮೆ ನೋಡಿಬಿಡೋಣ ಎಂದೆನೇ ಹೊರತು ಹೆಚ್ಚೇನೂ ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಆಕೆ ತಿರುಗಿ ನಿಂತು, “ಇವತ್ತಿಂದು ಮಧ್ಯಾಹ್ನದ್ದು ಮಾಡಸಿಲ್ರಿ, ದಾರ್ಯಾಗ ಇದ್ವಿ,” ಎಂದರು, ತಪ್ಪು ಒಪ್ಪಿಕೊಳ್ಳುವ ಹಾಗೆ.

ಬಲ ಶ್ವಾಸಕೋಶದ ತುತ್ತತುದಿಯಲ್ಲಿ ಗಡ್ಡೆಯಿತ್ತು. ಅದು ಮೇಲಕ್ಕೆ ಬೆಳೆದು ಕೈಗೂ ಕಣ್ಣಿನ ರೆಪ್ಪೆಗೂ ಹೋಗುವ ನರಗಳನ್ನು ಒತ್ತಿ ಹಿಡಿದಿತ್ತು. ಭುಜಕ್ಕೆ ಏನೂ ಆಗಿರಲಿಲ್ಲ. ಮೂರು ತಿಂಗಳು ನಾನು ಯಾವ ಕೀಲಿಗೆ ವ್ಯಾಯಾಮ ಮಾಡಿಸಿದ್ದೆನೋ ಅದು ಚೆನ್ನಾಗಿಯೇ ಇತ್ತು. ಆಸ್ಪತ್ರೆಯವರು ಆಪರೇಷನ್ ಆಗುವುದಿಲ್ಲ ಎಂದು ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ನೋವು ಸ್ವಲ್ಪ ತಗ್ಗಿತಂತೆ. ನಾನು ಎರಡು ಸಲ ಹೋಗಿ ನೋಡಿದೆ. ಎರಡನೆಯ ಸಲ ಅವರು ಎಡಗೈ ಎತ್ತಿ ನಮಸ್ಕಾರ ಮಾಡಿ, “ನೀವೇ ಕಂಡುಹಿಡದ್ರಂತ ಇಲ್ಲಿ ಡಾಕ್ಟ್ರು ಹೇಳಿದ್ರು ಮೇಡಂ,” ಎಂದರು. ನಾನು ತಲೆ ತಗ್ಗಿಸಿ ನಿಂತೆ. ಅಲ್ಲ ಎನ್ನುವ ಧೈರ್ಯ ಬರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಹೆಂಡತಿ ಮತ್ತೆ ಬಂದದ್ದು ದೀಪಾವಳಿಯ ಮುಂಚೆ. ಒಬ್ಬರೇ ಬಂದಿದ್ದರು. ರೋಗಿಗಳೆಲ್ಲ ಹೋಗುವವರೆಗೂ ಬೆಂಚಿನ ಮೇಲೆ ಕಾದರು. ಆಕೆಗೇ ಹೆಗಲು ನೋವಿರಬಹುದು ಎಂದುಕೊಂಡು, “ಬರ್ರಿ ಅಕ್ಕಾ, ಕುಂದ್ರಿ,” ಎಂದೆ. ಆಕೆ ಕೂರಲಿಲ್ಲ.

“ಒಂದು ಮಾತು ಕೇಳಬೇಕಂತ ಬಂದೀನ್ರಿ. ಆ ಕೈ ಎತ್ತಸಿದ್ದಕ್ಕ ಗಡ್ಡಿ ಬೆಳೀತೇನ್ರಿ?”

ನಾನು ಕುರ್ಚಿಯಿಂದ ಎದ್ದು ನಿಂತೆ.

“ಕಡೀಕಡೀಗಿ ಭಾಳ ಒದರ್ತಿದ್ರು. ಒಂದಿನ ಕೈ ಮುಗದು, ಇವತ್ತೊಂದಿನ ಬಿಡು ಅಂದ್ರು. ಬಿಡಬ್ಯಾಡ ಅಂತ ಮೇಡಂ ಹೇಳ್ಯಾರ ಅಂದು ನಾನೇ ಹಿಡದು ಎತ್ತಿಸ್ದೆ. ಗುಂಡಿ ಹಸಿರಾಗ್ಬೇಕಲ್ಲ. ನಮ್ಮತ್ತಿ ಅಂತಾಳ, ನೀನೇ ಎಳದು ಎಳದು ಕೊಂದಿ ಅಂತ. ಖರೆ ಏನ್ರಿ?”

“ಇಲ್ಲಕ್ಕಾ. ಸುಳ್ಳು. ಗಡ್ಡಿ ಮೊದಲೇ ಇತ್ತು. ನೀವು ಎತ್ತಿಸಿದ್ದಕ್ಕ ಬೆಳದಿಲ್ಲ,” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಾಗಲಿಲ್ಲ. “ನೀವು ಕಣ್ಣು ಸಣ್ಣ ಆಗ್ಯದ ಅಂತ ಹೇಳಿದ್ರಲ್ಲ, ಅವತ್ತೇ ನಾ ಕರಸಿ ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನಂದು.”

ಕೆಳಗೆ ಅಂಗಡಿಯ ಶಟರು ಎಳೆದ ಸದ್ದಾಯಿತು.

“ಅವತ್ತ ನೋಡಿದ್ರ ಉಳೀತಿದ್ರೇನ್ರಿ?”

“ಗೊತ್ತಿಲ್ಲಕ್ಕಾ. ಉಳೀತಿದ್ರು ಅಂತ ಹೇಳಾಕ್ ಆಗಂಗಿಲ್ಲ. ಆದ್ರ ಅಷ್ಟು ನೋವು ತಿನ್ನೋದು ತಪ್ತಿತ್ತು.”

ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಆಕೆ ಕೈಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದು, “ನೀವು ಈಗ ಹೇಳಿದ್ದು ಇದ್ರಾಗ ಹೇಳ್ರಿ. ಮನ್ಯಾಗ ಕೇಳಸ್ತೀನಿ,” ಎಂದರು. ನಾನು ಹೇಳಿದೆ. ಗಡ್ಡೆ ಮೊದಲೇ ಇತ್ತು, ಈಕೆಯ ತಪ್ಪಿಲ್ಲ, ನೋಡಬೇಕಾದವಳು ನಾನು, ನೋಡಲಿಲ್ಲ. ಆಕೆ ಅದನ್ನು ಒಮ್ಮೆ ಹಚ್ಚಿ ಕೇಳಿ, ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು ಹೊರಟುಹೋದರು. ಮತ್ತೆ ಬಂದಿಲ್ಲ. ಆ ಮನೆಯಲ್ಲಿ ಅದನ್ನು ಯಾರು ಕೇಳಿದರು, ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಆ್ಯಪನ್ನು ಈಗಲೂ ಬಳಸುತ್ತೇನೆ. ದೂರದವರಿಗೆ ಬೇರೆ ದಾರಿಯಿಲ್ಲ. ಆದರೆ ಹದಿನೈದು ದಿನಕ್ಕೊಮ್ಮೆ ಬಂದು ತೋರಿಸದವರ ವ್ಯಾಯಾಮ ನಿಲ್ಲಿಸುತ್ತೇನೆ. ಇದರಿಂದ ಕೆಲವರು ಬೇರೆ ಕಡೆ ಹೋಗಿದ್ದಾರೆ. ಹೋದ ತಿಂಗಳು ಸೇಡಂನಲ್ಲಿ ಒಬ್ಬ ಹೆಂಗಸಿನ ಭುಜದ ನೋವು ಮಲಗಿದರೂ ಬಿಡುವುದಿಲ್ಲ ಎಂದು ಕೇಳಿದೊಡನೆ ಎದೆಯ ಎಕ್ಸ್‌ರೇ ಬರೆದುಕೊಟ್ಟೆ. ಏನೂ ಇರಲಿಲ್ಲ. ಸುಮ್ಮನೆ ಹೆದರಿಸಿ ಓಡಾಡಿಸಿದಿರಿ ಎಂದು ಆಕೆಯ ಮೈದುನ ಎಲ್ಲರೆದುರು ನನ್ನನ್ನು ಬೈದ. ನಾನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಆಕೆಯನ್ನು ಒಳಗೆ ಕರೆದು ಮಂಚದ ಮೇಲೆ ಕುಳ್ಳಿರಿಸಿ, ಎಲ್ಲಿ ನೋವು ಶುರುವಾಗುತ್ತದೆ ಎಂದು ಕೇಳಿದೆ.