ಅತ್ತೆಯ ದೋಣಿಯ ಪರವಾನಗಿ

ನನ್ನ ಮದುವೆಯ ಧೋತರದ ಅಂಚಿನಲ್ಲಿ ಅಂಗೈಯಗಲದ ಕೆಸರಿನ ಕಲೆಯೊಂದಿದೆ. ಅದನ್ನು ನೋಡಿ ಯಾರಾದರೂ ನಕ್ಕರೆ ನನಗೆ ನಾಚಿಕೆಯಾಗುವುದಿಲ್ಲ. ಅವರನ್ನು ಕೂರಿಸಿಕೊಂಡು ಕಥೆ ಹೇಳುತ್ತೇನೆ. ನೀವೂ ಕೂತುಕೊಳ್ಳಿ.

ನಾವು ದಾಸನಕೊಪ್ಪದವರು, ಹೆಣ್ಣು ಗೊತ್ತಾದದ್ದು ವರದಾ ನದಿಯ ಆಚೆ ದಡದಲ್ಲಿ. ಆಗ ಅಲ್ಲಿ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಆ ಊರಿಗಿದ್ದದ್ದು ಒಂದೇ ದೋಣಿ, ಅದನ್ನು ನಡೆಸುತ್ತಿದ್ದವರು ನನಗೆ ಅತ್ತೆಯಾಗಲಿದ್ದ ಗಂಗವ್ವ. ಮಾವನಿಗೆ ಲಕ್ವ ಹೊಡೆದ ಮೇಲೆ ಹುಟ್ಟು ಹಿಡಿದ ಆಕೆ, ಮುಂಬಯಿ ಸರಕಾರ ಹೋಗಿ ಮೈಸೂರು ರಾಜ್ಯ ಬಂದ ಹೊಸತರಲ್ಲಿ ಶಿರಸಿಯ ಕಚೇರಿಗೆ ತಾವೇ ಹೋಗಿ, ದೋಣಿಯ ಪರವಾನಗಿಯನ್ನು ತಮ್ಮ ಹೆಸರಿಗೇ ಕೊಡಬೇಕೆಂದು ಕೇಳಿದ್ದರು.

“ನಡೆಸೋರು ಯಾರು?” ಎಂದರಂತೆ ಸಾಹೇಬರು.

“ನಾನ ರೀ.”

ಸಾಹೇಬರು ಒಂದು ದಿನ ನದಿಗೇ ಬಂದರು. ಹಲಗೆ ಹಲಗೆಯನ್ನೂ ಬಡಿದು ನೋಡಿ, ಕಲ್ಲು ಹೇರಿಸಿ, ಆಕೆಯ ಕೈಯಿಂದಲೇ ದೋಣಿ ನಡೆಸಿಸಿ ಆಚೆ ದಡ ಮುಟ್ಟಿ ಬಂದು, ದೋಣಿಯ ಪಕ್ಕೆಗೆ ಒಂದು ಸಂಖ್ಯೆಯನ್ನೂ ಅದರ ಕೆಳಗೆ ಉದ್ದಕ್ಕೆ ಒಂದು ಬಿಳಿ ಗೆರೆಯನ್ನೂ ಬರೆಸಿದರು. “ನೀರು ಈ ಗೆರೆ ದಾಟಿದರೆ ದೋಣಿ ನಿಮ್ಮದಲ್ಲವ್ವಾ, ಹೊಳೆಯದು” ಎಂದರಂತೆ. ಸರಕಾರದ ನಿಯಮವೆಂದರೆ ಸುಂಕಕ್ಕೆ ಹುಡುಕಿದ ನೆಪವೆಂದೇ ತಿಳಿದಿದ್ದ ನಮ್ಮಂಥವರ ನಡುವೆ, ಅದನ್ನು ಜೀವ ಕಾಯುವ ಮಾತೆಂದು ಮನಸ್ಸಿಗೆ ಹಚ್ಚಿಕೊಂಡವರು ಗಂಗವ್ವ.

ನಮ್ಮ ಮದುವೆ ಜ್ಯೇಷ್ಠದ ಕೊನೆಗೆ. ಮಳೆ ಮುಂಚಿತವಾಗಿ ಹಿಡಿದು ಹೊಳೆ ಕೆಂಪಗೆ ತುಂಬಿತ್ತು. ದಿಬ್ಬಣ ದಡಕ್ಕೆ ಬಂದಾಗ ವಧುವಿನ ತಾಯಿಯೇ ಹೊಸ ಇಲಕಲ್ಲ ಸೀರೆಯ ಕಚ್ಚೆ ಕಟ್ಟಿ ದೋಣಿಯಲ್ಲಿ ನಿಂತಿದ್ದರು. ಇವತ್ತೊಂದು ದಿನ ಬೇರೆ ಯಾರಾದರೂ ನಡೆಸಬಾರದೇ ಎಂದು ನನ್ನ ಸೋದರಮಾವ ಕೇಳಿದ್ದಕ್ಕೆ, “ಪರವಾನಗಿ ನನ್ನ ಹೆಸರಲೆ ಐತ್ರಿ” ಎಂದಷ್ಟೇ ಹೇಳಿದರು. ಮೊದಲ ಸಾರಿಗೆ ಅಜ್ಜಿ, ಅವ್ವ, ಮುತ್ತೈದೆಯರು, ಸೋದರಮಾವ, ಬಾಸಿಂಗ ಕಟ್ಟಿಕೊಂಡ ನಾನು, ಎಲ್ಲರೂ ಹತ್ತಿ ಕುಳಿತೆವು. ಗಂಗವ್ವ ಬಗ್ಗಿ ಪಕ್ಕೆಯನ್ನು ನೋಡಿದರು.

“ಗೆರಿ ಮುಳುಗೇತಿ. ಒಬ್ಬರು ಇಳೀಬೇಕ್ರಿ.”

ಯಾರೂ ಅಲುಗಲಿಲ್ಲ. ಆಕೆಯ ಕಣ್ಣು ಎಲ್ಲರನ್ನೂ ಸುತ್ತಿ ನನ್ನ ಮೇಲೆ ನಿಂತಿತು. “ಅಳಿಯಂದ್ರ, ನೀವ ಇಳೀರಿ.”

ಸೋದರಮಾವನ ಮುಖ ಕೆಂಪಾಯಿತು. “ಮದುಮಗನ್ನ ಇಳಸ್ತೀರೇನ್ರಿ? ಹಿಂಗಾದ್ರ ಎಲ್ಲಾರೂ ತಿರುಗಿ ಊರಿಗೆ ಹೋಗ್ತೀವಿ.”

ಗಂಗವ್ವನ ಕೈ ಹುಟ್ಟಿನ ಮೇಲೆ ಬಿಗಿಯಾದದ್ದು ನನಗೆ ಕಂಡಿತು. ಮಗಳ ಮದುವೆಯೇ ಮುರಿದುಬೀಳುವ ಹೊತ್ತು ಅದು. ಆದರೂ ಧ್ವನಿ ಏರಿಸಲಿಲ್ಲ. “ಬ್ಯಾರೆ ಯಾರನ್ನ ಇಳಸಿದ್ರೂ ನಮ್ಮನ್ನ ಬಿಟ್ಟು ಹೋದ್ರು ಅಂತಾರ. ಇವರನ್ನ ಬಿಟ್ಟು ಮದುವಿ ಆಗಂಗಿಲ್ಲ. ಅದಕ್ಕ ಇವರನ್ನ ಕರಕೊಂಡು ಹೋಗಾಕ ನಾ ಬಂದ ಬರ್ತೇನಿ.”

ಸೋದರಮಾವ ಮತ್ತೆ ಬಾಯಿ ತೆರೆಯುವ ಮೊದಲೇ ನಾನು ಮೊಣಕಾಲುದ್ದದ ಕೆಸರಿಗೆ ಧುಮುಕಿದೆ. ದೋಣಿ ಹಗುರಾಗಿ, ಗೆರೆ ನೀರಿನಿಂದ ಮೇಲೆದ್ದಿತು.

ನಡುಹೊಳೆಯಲ್ಲಿ ಸುಳಿಯೊಂದು ದೋಣಿಯನ್ನು ಅಡ್ಡಕ್ಕೆ ತಿರುವಿ ವಾಲಿಸಿತು. ಅಂಚಿಗೂ ನೀರಿಗೂ ನಡುವೆ ನಾಲ್ಕು ಬೆರಳಿನ ಜಾಗ ಉಳಿದದ್ದು ಈಚೆ ದಡದಿಂದಲೂ ಕಾಣುತ್ತಿತ್ತು. ಗಂಗವ್ವ ಸೊಂಟ ಬಾಗಿಸಿ ಹುಟ್ಟನ್ನು ಒತ್ತಿ ಹಿಡಿದು, ದೋಣಿಯನ್ನು ಮೆಲ್ಲಗೆ ಸುಳಿಯಿಂದ ಬಿಡಿಸಿ ಕೊಂಡೊಯ್ದರು. ಆ ನಾಲ್ಕು ಬೆರಳಿನ ಜಾಗದಲ್ಲಿ ನನ್ನ ಇಡೀ ಮನೆತನ ಕುಳಿತಿತ್ತು. ಇಂಥವರ ಮಗಳು ನನ್ನ ಮನೆಗೆ ಬರುತ್ತಾಳೆಂಬ ಹೆಮ್ಮೆಯಿಂದ ನಾನು ಕೆಸರಿನಲ್ಲೇ ನೆಟ್ಟಗೆ ನಿಂತೆ.

ಆಕೆ ತಿರುಗಿ ಬಂದು, “ಸಿಟ್ಟು ಬಂತೇನ್ರಿ?” ಎಂದು ಕೇಳಿದರು.

“ಇಲ್ಲ ಅತ್ತಿ” ಎಂದೆ. ಹಾಗೆ ಕರೆದದ್ದು ಅದೇ ಮೊದಲು.

ಮುಹೂರ್ತದ ಕೊನೆಯ ಗಳಿಗೆಗೆ ತಾಳಿ ಕಟ್ಟಿದೆ. ಮರುದಿನ ಹೆಣ್ಣನ್ನು ಕರೆದುಕೊಂಡು ಹೊರಟಾಗ, ಯಾರೂ ಹೇಳದೆಯೇ ಸೋದರಮಾವ ಕುಕ್ಕರಗಾಲಿನಲ್ಲಿ ಕುಳಿತು ದೋಣಿಯ ಪಕ್ಕೆ ನೋಡಿ, ತನ್ನ ಮಗನನ್ನೇ ಇಳಿಸಿದ. ಅತ್ತೆ ಹುಟ್ಟು ಕೈಗೆತ್ತಿಕೊಂಡರು. ಕಣ್ಣು ತುಂಬಿಕೊಂಡು ನನ್ನ ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಮೆಲ್ಲಗೆ ಕೇಳಿದಳು, “ಯವ್ವಾ, ನನ್ನ ಇಳಸಂಗಿಲ್ಲೇನು?”

ಅತ್ತೆ ಬಗ್ಗಿ ನೋಡಿದರು. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ಗೆರಿ ಕಾಣಾಕತ್ತೇತಿ. ಕುಂದರು” ಎಂದು ಹೇಳಿ ದಡವನ್ನು ಹಿಂದಕ್ಕೆ ನೂಕಿದರು.